ಗೌರವಧನವೆಂಬ ಮಾತು

ಕೊಳ್ಳೇಗಾಲದ ಬಸ್ ಸ್ಟ್ಯಾಂಡಿನಲ್ಲಿ ಹನೂರಿನ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದಲ್ಲಿ ರಿಜಿಸ್ಟರುಗಳ ಗಂಟು ಹೊತ್ತು ಕೂತಿದ್ದ ಅಂಗನವಾಡಿ ಕಾರ್ಯಕರ್ತೆಯನ್ನು ‘ಸಂಬಳ ಎಷ್ಟಮ್ಮಾ?’ ಎಂದೆ. ‘ಸಂಬಳ ಅಲ್ಲ ಕನಕ್ಕ, ಗೌರವಧನ’ ಎಂದು ನಕ್ಕಳು. ಆ ನಗು ಬಸ್ಸಿಳಿದ ಮೇಲೂ ನನ್ನನ್ನು ಬಿಡಲಿಲ್ಲ.

ಗೌರವಧನ! ಸಭೆಯಲ್ಲಿ ಒಂದು ಗಂಟೆ ಭಾಷಣ ಮಾಡಿದವರಿಗೆ ಹಾರದ ಜೊತೆ ಕೊಡುವ ಲಕೋಟೆಗೆ ಆ ಮಾತು ಒಪ್ಪುತ್ತದೆ. ದಿನವೂ ಮಕ್ಕಳನ್ನು ತೂಗಿ, ಆಡಿಸಿ, ಉಣಬಡಿಸಿ, ಬಸುರಿ ಬಾಣಂತಿಯರ ಲೆಕ್ಕ ಬರೆಯುವವಳಿಗೆ ಒಪ್ಪುವುದೆ? ಯಳಂದೂರಿನಾಚೆ, ಬಿಳಿಗಿರಿರಂಗನ ಬೆಟ್ಟದಲ್ಲೂ ಇದೇ ಕೆಲಸ, ಇದೇ ಹೆಸರು.

1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಈ ಯೋಜನೆ ಶುರುವಾದಾಗ ನಮ್ಮ ನೆರೆಯ ತಿ. ನರಸೀಪುರವೂ ಅದರಲ್ಲಿತ್ತು. ಹೆಂಗಸರ ದುಡಿಮೆಗೆ ‘ಸೇವೆ’ ಎಂದುಬಿಟ್ಟರೆ ಲೆಕ್ಕ ಕೇಳುವವರಿರುವುದಿಲ್ಲ; ಮನೆಯಲ್ಲಿ ನಾವು ಕಂಡದ್ದೇ ಅಲ್ಲವೆ? 2006ರಲ್ಲಿ ಕರ್ನಾಟಕದ್ದೇ ಆದ ಅಮೀರ್‌ಬಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಇವರದು ಸರ್ಕಾರಿ ಹುದ್ದೆಯಲ್ಲ ಎಂದಿತು. 2022ರ ಏಪ್ರಿಲ್‌ನಲ್ಲಿ, ಗುಜರಾತಿನ ಕಾರ್ಯಕರ್ತೆಯರ ಪ್ರಕರಣದಲ್ಲಿ, ಇವರಿಗೂ ಗ್ರಾಚ್ಯುಯಿಟಿ ಸಲ್ಲಬೇಕು, ಆ ಕಾಯಿದೆಯ ಮಟ್ಟಿಗೆ ಗೌರವಧನವೂ ವೇತನವೇ ಎಂದಿತು. ಅಷ್ಟಾದರೂ, ಅದನ್ನು ಕೇಳಲು 2023ರ ಜನವರಿಯ ಚಳಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಧರಣಿ ಕೂರಬೇಕಾಯಿತು.

‘ಮಕ್ಕಳನ್ನು ಬಿಟ್ಟು ಹೋಗಿ ಕೂತರಲ್ಲ’ ಎಂದು ನಮ್ಮ ಬೀದಿಯಲ್ಲಿ ಆಡಿಕೊಂಡರು. ನಾನೂ ಹೂಂಗುಟ್ಟಿದ್ದೆ, ಈಗ ನಾಚಿಕೆಯಾಗುತ್ತದೆ.

ತೀರ್ಪನ್ನು ಮೆಚ್ಚುತ್ತೇನೆ. ಆದರೆ ಗ್ರಾಚ್ಯುಯಿಟಿ ಕೈಗೆ ಬರುವುದು ಕೆಲಸ ಬಿಟ್ಟ ಮೇಲೆ. ಮೈಯಲ್ಲಿ ಕಸುವಿದ್ದು ದುಡಿಯುವ ದಿನಗಳ ಹಣಕ್ಕೆ ಇನ್ನೂ ಅದೇ ಹೆಸರು.