ಕ್ರೈಸ್ತ ದೇವತಾಶಾಸ್ತ್ರದಲ್ಲಿ ‘ವಿಮೋಚನೆ’ ಎಂಬ ಶಬ್ದದ ಅರ್ಥವಿಚಾರ

ಕ್ರೈಸ್ತ ಧರ್ಮಗ್ರಂಥಗಳ ಕನ್ನಡ ಭಾಷಾಂತರಗಳಲ್ಲಿ ‘ವಿಮೋಚನೆ’ ಎಂಬುದು ಬಹುಕಾಲದಿಂದ ರೂಢಿಗೆ ಬಂದಿರುವ ಶಬ್ದ. ಮಿಲ್ಟನ್ನನ ‘ಪ್ಯಾರಡೈಸ್ ಲಾಸ್ಟ್’ (೧೬೬೭) ಮೊದಲಾದ ಕಾವ್ಯಗಳನ್ನು ಪಾಠ ಹೇಳುವ ಅಧ್ಯಾಪಕರು ‘ರಿಡೆಂಪ್ಷನ್’ ಎಂಬ ಮಾತು ಬಂದಲ್ಲಿ ಈ ಶಬ್ದವನ್ನು ಹೇಳಿ, ವಿದ್ಯಾರ್ಥಿಗೆ ಇನ್ನಷ್ಟು ಸ್ಪಷ್ಟವಾಗಲೆಂದು ‘ಎಂದರೆ ಮೋಕ್ಷ’ ಎಂದು ವಿವರಿಸುವುದೂ ಉಂಟು. ಇದರಿಂದ ಅರ್ಥವು ತಿಳಿಯಾಗುವುದಕ್ಕೆ ಬದಲಾಗಿ ಕದಡುತ್ತದೆ. ಎರಡು ಶಬ್ದಗಳಿಗೂ ‘ಮುಚ್’ ಧಾತುವೇ ಮೂಲ. ಕಟ್ಟು ಕಳಚುವುದೆಂಬುದು ಅದರ ಅರ್ಥ. ಕಳಚಿದವನು ಯಾರು, ಅದಕ್ಕಾಗಿ ಅವನು ತೆತ್ತುದೇನು, ಬಿಡುಗಡೆ ಹೊಂದಿದವನು ಆಮೇಲೆ ಯಾರವನಾದನು ಎಂಬ ಮೂರು ಸಂಗತಿಗಳನ್ನು ಆ ಧಾತುವು ಹೇಳುವುದಿಲ್ಲ. ಕ್ರೈಸ್ತರ ಶಬ್ದದಲ್ಲಿ ಪ್ರಧಾನವಾಗಿರುವುವು ಈ ಮೂರೇ. ಆದಕಾರಣ ಆ ಶಬ್ದದ ಚರಿತ್ರೆಯನ್ನು ಪರಿಶೀಲಿಸಿ, ಅದರ ವಿಷಯವಾಗಿ ಪಂಡಿತರಲ್ಲಿ ನಡೆದಿರುವ ವಾದವನ್ನು ವಿಮರ್ಶಿಸುವುದು ಪ್ರಕೃತ ಲೇಖನದ ಉದ್ದೇಶ.

೧

ಹೀಬ್ರೂ ಭಾಷೆಯಲ್ಲಿ ಈ ಅರ್ಥಕ್ಕೆ ಮುಖ್ಯವಾಗಿ ಎರಡು ಧಾತುಗಳಿವೆ. ‘ಪಾದಾ’ ಎಂಬುದು ಪ್ರತಿಯಾಗಿ ಏನನ್ನಾದರೂ ಕೊಟ್ಟು ಬಿಡಿಸುವುದನ್ನು ಹೇಳುತ್ತದೆ. ಚೊಚ್ಚಲು ಮಗನನ್ನು ಬಿಡಿಸುವ ವಿಧಿಯಲ್ಲಿ ಬರುವುದು ಇದೇ. ‘ಗಾಅಲ್’ ಎಂಬುದು ಬಂಧುಧರ್ಮಕ್ಕೆ ಸೇರಿದ ಮಾತು. ಬಡತನದಿಂದ ಒಬ್ಬನು ತನ್ನ ಭೂಮಿಯನ್ನು ಮಾರಿದರೆ ಅವನ ಸಮೀಪಬಂಧು ಅದನ್ನು ಬಿಡಿಸಬೇಕೆಂದೂ, ಅವನು ತನ್ನನ್ನೇ ಪರರಿಗೆ ಮಾರಿಕೊಂಡರೆ ಬಂಧುಗಳಲ್ಲೊಬ್ಬನು ಅವನನ್ನು ಬಿಡಿಸಬಹುದೆಂದೂ ಯಾಜಕಕಾಂಡದ ೨೫ನೆಯ ಅಧ್ಯಾಯವು ವಿಧಿಸುತ್ತದೆ. ಹೀಗೆ ಬಿಡಿಸುವವನಿಗೆ ‘ಗೋಏಲ್’ ಎಂದು ಹೆಸರು. ರೂತಳ ಕಥೆಯಲ್ಲಿ ಬೋವಜನು ಮಾಡಿದುದು ಈ ಕಾರ್ಯವನ್ನೇ. ಹಣ ಕೊಡುವವನು ಇಲ್ಲಿ ಅನ್ಯನಲ್ಲ. ಬಾಂಧವ್ಯದಿಂದಲೇ ಅವನಿಗೆ ಬಿಡಿಸುವ ಅಧಿಕಾರವೂ ಭಾರವೂ ಬಂದಿವೆ.

ಈ ಲೌಕಿಕ ವ್ಯವಹಾರದ ಶಬ್ದಗಳನ್ನು ಧರ್ಮಗ್ರಂಥಕಾರರು ದೇವರ ಕಾರ್ಯಕ್ಕೆ ಅನ್ವಯಿಸಿದಾಗ ಒಂದು ಗಮನಾರ್ಹವಾದ ಮಾರ್ಪಾಡು ಆಯಿತು. ಗ್ರೀಕಿನಲ್ಲಿ ‘ಹೊರಟುಹೋಗುವಿಕೆ’ ಎಂಬ ಅರ್ಥದ ಹೆಸರುಳ್ಳ ಗ್ರಂಥವನ್ನು ಕನ್ನಡ ಭಾಷಾಂತರಕಾರರು ‘ವಿಮೋಚನಕಾಂಡ’ವೆಂದು ಕರೆದಿದ್ದಾರೆ. ಅದು ಭಾಷಾಂತರ ಮಾತ್ರವಲ್ಲ, ವ್ಯಾಖ್ಯಾನವೂ ಹೌದು, ಸಾಧುವಾದ ವ್ಯಾಖ್ಯಾನವೇ. ಏಕೆಂದರೆ ಐಗುಪ್ತದ ದಾಸ್ಯದಿಂದ ಇಸ್ರಾಯೇಲರನ್ನು ಪಾರುಮಾಡಿದುದನ್ನು ಹೇಳುವಲ್ಲಿ ಹಳೆಯ ಒಡಂಬಡಿಕೆಯು ಮೇಲೆ ಹೇಳಿದ ಎರಡು ಧಾತುಗಳನ್ನೂ ಪ್ರಯೋಗಿಸಿದೆ. ಆದರೆ ಅಲ್ಲಿ ಫರೋಹನಿಗೆ ಯಾರೂ ಒಂದು ಕಾಸನ್ನೂ ಕೊಡಲಿಲ್ಲ. ಬಿಡಿಸಿದವನುಂಟು, ಬಿಡುಗಡೆ ಹೊಂದಿದವರುಂಟು. ಬೆಲೆಯನ್ನು ಕೈಚಾಚಿ ತೆಗೆದುಕೊಂಡವನಿಲ್ಲ. ಮುಂದಿನ ವಿಚಾರಕ್ಕೆಲ್ಲ ಇದು ಆಧಾರ.

೨

ಹೊಸ ಒಡಂಬಡಿಕೆಯ ಗ್ರೀಕಿನಲ್ಲಿ ‘ಲುತ್ರೋನ್’ ಎಂದರೆ ಸೆರೆಯವನನ್ನೋ ದಾಸನನ್ನೋ ಬಿಡಿಸಲು ತೆರುವ ಹಣ. ಮಾರ್ಕನ ೧೦ನೆಯ ಅಧ್ಯಾಯದಲ್ಲಿ ಕ್ರಿಸ್ತನು ತನ್ನ ಪ್ರಾಣವನ್ನು ಕುರಿತು ಈ ಮಾತನ್ನು ಆಡುತ್ತಾನೆ. ಪೌಲನು ಇದೇ ಮೂಲದ ‘ಅಪೊಲುತ್ರೋಸಿಸ್’ ಎಂಬುದನ್ನು ಬಳಸುತ್ತಾನೆ. ರೋಮಾಪುರದವರಿಗೆ ಬರೆದ ಪತ್ರಿಕೆಯ ೩ನೆಯ ಅಧ್ಯಾಯದಲ್ಲಿ ಅದು ಆಗಿಹೋದ ಸಂಗತಿ. ೮ನೆಯ ಅಧ್ಯಾಯದಲ್ಲಿ ದೇಹಕ್ಕೆ ಇನ್ನು ಬರಬೇಕಾಗಿರುವ ಬಿಡುಗಡೆ. ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆಯಲ್ಲಿ ಅವನು, ಅವರು ಕ್ರಯಕ್ಕೆ ಕೊಳ್ಳಲ್ಪಟ್ಟವರಾದ್ದರಿಂದ ತಮ್ಮ ಸ್ವತ್ತು ತಾವಲ್ಲವೆಂದು ವಾದಿಸುತ್ತಾನೆ.

ಜರ್ಮನ್ ವಿದ್ವಾಂಸ ಆಡೋಲ್ಫ್ ಡೈಸ್‌ಮನ್ನನು ೧೯೦೮ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಪೌಲನ ಈ ರೂಪಕಕ್ಕೆ ಡೆಲ್ಫಿ ಮೊದಲಾದ ಕ್ಷೇತ್ರಗಳ ಶಿಲಾಶಾಸನಗಳು ಹಿನ್ನೆಲೆಯೆಂದು ತೋರಿಸಿದನು. ಅಲ್ಲಿ ದಾಸನು ದೇವರಿಗೆ ವಿಕ್ರಯವಾದಂತೆ ಬರೆಯಿಸಿಕೊಂಡು ಸ್ವತಂತ್ರನಾಗುತ್ತಿದ್ದನು. ಶಾಸನಗಳ ಆಧಾರದಿಂದ ಶಬ್ದಾರ್ಥವನ್ನು ನಿರ್ಣಯಿಸುವ ಈ ಮಾರ್ಗವು ಶ್ಲಾಘ್ಯವೇ. ಆದರೆ ಸಾದೃಶ್ಯವು ಪೂರ್ಣವಲ್ಲ. ಡೆಲ್ಫಿಯಲ್ಲಿ ಹಣವನ್ನು ಒದಗಿಸುತ್ತಿದ್ದವನು ಸಾಮಾನ್ಯವಾಗಿ ದಾಸನೇ, ದೇವರ ಕ್ರಯವು ಹೆಸರಿಗೆ ಮಾತ್ರ. ಪೌಲನಲ್ಲಿ ದಾಸನ ಕೈ ಬರಿದು, ತೆರುವವನು ಕೊಳ್ಳುವವನೇ. ಆದುದರಿಂದ ಪೌಲನ ಮಾತಿಗೆ ಡೆಲ್ಫಿಯ ಶಾಸನಕ್ಕಿಂತ ಹೀಬ್ರೂ ‘ಗೋಏಲ’ನೇ ಹತ್ತಿರದವನೆಂದು ನಮಗೆ ತೋರುತ್ತದೆ.

೩

ಬೆಲೆಯೆಂದ ಮೇಲೆ ಅದನ್ನು ಪಡೆದವನು ಯಾರು ಎಂಬ ಪ್ರಶ್ನೆ ಹುಟ್ಟದಿರದು. ಮೂರನೆಯ ಶತಮಾನದ ಒರಿಗೆನನು, ಮನುಷ್ಯರನ್ನು ಸೆರೆಹಿಡಿದಿದ್ದ ಸೈತಾನನಿಗೇ ಅದು ಸಂದಿತೆಂದನು. ನಾಲ್ಕನೆಯ ಶತಮಾನದಲ್ಲಿ ನಿಸ್ಸದ ಗ್ರೆಗರಿಯು ಇನ್ನೂ ಮುಂದೆ ಹೋಗಿ, ಕ್ರಿಸ್ತನ ಮಾನುಷತ್ವವು ಎರೆ, ದೈವತ್ವವು ಗಾಳ, ಎರೆಯ ಆಸೆಗೆ ಗಾಳವನ್ನು ನುಂಗಿದ ಮೀನು ಸೈತಾನನು ಎಂದು ಚಿತ್ರಿಸಿದನು. ಅವನ ಗೆಳೆಯನೇ ಆದ ನಜಿಯಾನ್ಸಸಿನ ಗ್ರೆಗರಿಗೆ ಇದು ಅಸಹ್ಯವಾಯಿತು. ಕಳ್ಳನಿಗೆ ಕಪ್ಪ ಕೊಡುವುದು ಅನ್ಯಾಯ. ತಂದೆಗೆ ಕೊಟ್ಟರೆಂದರೆ, ನಮ್ಮನ್ನು ಸೆರೆಯಲ್ಲಿಟ್ಟವನು ತಂದೆಯಲ್ಲವಷ್ಟೆ. ಹೀಗೆ ಅವನು ಎರಡು ಪಕ್ಷಗಳನ್ನೂ ನಿರಾಕರಿಸಿದನು.

ಆನ್ಸೆಲ್ಮನು ೧೦೯೮ರಲ್ಲಿ ಮುಗಿಸಿದ ‘ದೇವರು ಮನುಷ್ಯನಾದುದೇಕೆ’ ಎಂಬ ಗ್ರಂಥದಲ್ಲಿ ಸೈತಾನನ ಹಕ್ಕನ್ನು ಸಂಪೂರ್ಣವಾಗಿ ತಳ್ಳಿಹಾಕಿದನು. ಪಾಪವೆಂದರೆ ದೇವರಿಗೆ ಸಲ್ಲಬೇಕಾದ ಗೌರವವನ್ನು ಸಲ್ಲಿಸದಿರುವ ಋಣ. ತೀರಿಸಬೇಕಾದವನು ಮನುಷ್ಯ, ತೀರಿಸಬಲ್ಲವನು ದೇವರು. ಆದ್ದರಿಂದ ತೀರಿಸುವವನು ದೇವ-ಮನುಷ್ಯನಾಗಬೇಕು ಎಂಬುದು ಅವನ ಸಿದ್ಧಾಂತ. ಮಿಲ್ಟನ್ನನ ಕಾವ್ಯದ ಮೂರನೆಯ ಸರ್ಗದಲ್ಲಿ ತಂದೆಗೂ ಮಗನಿಗೂ ನಡೆಯುವ ಸಂವಾದವು ಬಹುಮಟ್ಟಿಗೆ ಈ ಪರಂಪರೆಯದು. ತರ್ಕದ ಬಿಗಿಯಲ್ಲಿಯೂ ಪಾಪದ ಗುರುತ್ವವನ್ನು ಅರಿತುದರಲ್ಲಿಯೂ ಆನ್ಸೆಲ್ಮನಿಗೆ ಸಮನಾದವರು ವಿರಳ. ಆದರೆ ಇಲ್ಲಿ ಬಿಡಿಸುವ ಬಂಧುವಿನ ಸ್ಥಾನಕ್ಕೆ ಸಾಲಗಾರನ ಲೆಕ್ಕ ಬಂದಿದೆ. ಇದನ್ನು ಒಪ್ಪದ ಅಬೆಲಾರ್ಡನು ಹನ್ನೆರಡನೆಯ ಶತಮಾನದಲ್ಲಿ, ಕ್ರಿಸ್ತನ ಮರಣವು ನಮ್ಮಲ್ಲಿ ಪ್ರೇಮವನ್ನು ಹೊತ್ತಿಸುವುದೇ ವಿಮೋಚನೆಯೆಂದನು. ೧೯೩೦ರಲ್ಲಿ ಸ್ವೀಡನ್ನಿನ ಗುಸ್ತಾಫ್ ಔಲೆನನು ಉಪನ್ಯಾಸಗಳ ಮೂಲಕ, ಪ್ರಾಚೀನರ ಚಿತ್ರಗಳ ಒರಟುತನವನ್ನು ಕಂಡು ನಗದೆ ಒಳಗಿನ ಆಶಯವನ್ನು ನೋಡಬೇಕೆಂದೂ, ದುಷ್ಟಶಕ್ತಿಗಳ ಮೇಲೆ ದೇವರು ಗಳಿಸಿದ ಜಯವೇ ಆ ಆಶಯವೆಂದೂ ಪ್ರತಿಪಾದಿಸಿದನು. ಅವನು ತೋರಿದ ಮಾರ್ಗವು ಸರಿಯಾದುದು. ಆದರೆ ಜಯವೆಂಬ ಒಂದೇ ಮಾತಿನಲ್ಲಿ ಬಾಂಧವ್ಯದ ಅಂಶವು ಅಡಗುವುದಿಲ್ಲ.

೪

ಈಚಿನ ವಾದವು ಶಬ್ದಾರ್ಥಕ್ಕೇ ಸಂಬಂಧಿಸಿದುದು. ಲಿಯಾನ್ ಮಾರಿಸ್ ಎಂಬ ಪಂಡಿತರು ೧೯೫೫ರಲ್ಲಿ, ಬೆಲೆಯೆಂಬ ಅರ್ಥವು ಈ ಶಬ್ದಗಳನ್ನು ಎಲ್ಲಿಯೂ ಬಿಟ್ಟುಹೋಗುವುದಿಲ್ಲವೆಂದು ಸಾಧಿಸಿದರು. ಬೆಲೆ ಕಾಣದ ಐಗುಪ್ತದ ಪ್ರಸಂಗದಲ್ಲಿ ದೇವರ ಪ್ರಯಾಸವೇ ಬೆಲೆಯೆಂಬುದು ಅವರ ಸಮಾಧಾನ. ಡೇವಿಡ್ ಹಿಲ್ ಅವರು ೧೯೬೭ರಲ್ಲಿ, ಬಹುಸ್ಥಳಗಳಲ್ಲಿ ಬಿಡುಗಡೆಯೆಂಬಷ್ಟೇ ಅರ್ಥವೆಂದೂ ಬೆಲೆಯನ್ನು ಎಲ್ಲೆಡೆ ಹುಡುಕುವುದು ಸಲ್ಲದೆಂದೂ ವಾದಿಸಿದರು.

ನಮ್ಮ ಆಲಂಕಾರಿಕರ ಲಕ್ಷಣಾವಿಚಾರವು ಇಲ್ಲಿ ಉಪಕಾರಕವಾಗುತ್ತದೆ. ‘ಗಂಗೆಯಲ್ಲಿ ಹಳ್ಳಿ’ ಎಂದಾಗ ಪ್ರವಾಹದಲ್ಲಿ ಹಳ್ಳಿ ಇರಲಾರದಾದ್ದರಿಂದ ಮುಖ್ಯಾರ್ಥಕ್ಕೆ ಬಾಧೆ ಬಂದು, ದಡವೆಂಬ ಲಕ್ಷ್ಯಾರ್ಥ ದೊರೆಯುತ್ತದೆ. ಆದರೆ ‘ದಡದಲ್ಲಿ’ ಎಂದೇ ಹೇಳಬಹುದಾಗಿದ್ದರೂ ‘ಗಂಗೆಯಲ್ಲಿ’ ಎಂದುದಕ್ಕೆ ಶೈತ್ಯ ಪಾವನತ್ವಗಳ ಪ್ರತೀತಿಯೆಂಬ ಪ್ರಯೋಜನವುಂಟು. ಪ್ರಕೃತದಲ್ಲಿ ಬೆಲೆ ತೆರುವುದು ಮುಖ್ಯಾರ್ಥ. ಪಡೆಯತಕ್ಕವನು ಯಾರೂ ಹೊಂದದಿರುವುದು ಬಾಧೆ. ನಜಿಯಾನ್ಸಸಿನ ಗ್ರೆಗರಿಯು ತೋರಿಸಿದುದು ಇದನ್ನೇ. ಬಿಡುಗಡೆಯೆಂಬುದು ಲಕ್ಷ್ಯಾರ್ಥ. ಬಿಡಿಸಿದವನು ತನ್ನದನ್ನೇ ಕಳೆದುಕೊಂಡು ಬಿಡಿಸಿದನು, ಬಿಡುಗಡೆ ಹೊಂದಿದವನು ಇನ್ನು ಅವನವನು ಎಂಬುದು ಪ್ರಯೋಜನ. ಒರಿಗೆನನು ಮುಖ್ಯಾರ್ಥದಲ್ಲಿ ನಿಂತನು. ಹಿಲ್ ಅವರು ದಡವನ್ನು ಕಂಡು ಗಂಗೆಯ ತಂಪನ್ನು ಮರೆತರು. ಮಾರಿಸ್ ಅವರು ತಂಪನ್ನು ಉಳಿಸಿಕೊಂಡರು, ಆದರೆ ಅದಕ್ಕಾಗಿ ಹಳ್ಳಿಯನ್ನು ಪ್ರವಾಹದಲ್ಲಿಯೇ ಇಡಲೆತ್ನಿಸಿದರು.

ಹಾಗಾದರೆ ಕ್ರಿಸ್ತನ ಮರಣವೂ ಅಲಂಕಾರಮಾತ್ರವೇ ಎಂದು ಶಂಕಿಸಬಹುದು. ಅಲ್ಲ. ಲಕ್ಷಣೆ ಇರುವುದು ‘ಬೆಲೆ’ ಎಂಬ ಶಬ್ದದಲ್ಲಿಯೇ ಹೊರತು ಶಿಲುಬೆಯ ಮೇಲಣ ಸಾವಿನಲ್ಲಲ್ಲ. ತೆತ್ತುದು ನಿಜ, ಪಡೆದವನನ್ನು ಹುಡುಕುವುದು ಮಾತ್ರ ವ್ಯರ್ಥ. ಈ ವಿವೇಕವು ತಪ್ಪಿದಲ್ಲಿ ದೇವರು ಒಮ್ಮೆ ಕಳ್ಳನೊಡನೆ ವ್ಯಾಪಾರ ಮಾಡುವವನಾಗಿಯೂ ಮತ್ತೊಮ್ಮೆ ಮಗನ ರಕ್ತವನ್ನು ಬಡ್ಡಿಗೆ ಕೇಳುವ ಸಾಹುಕಾರನಾಗಿಯೂ ಕಾಣಿಸಿಕೊಳ್ಳುತ್ತಾನೆ. ಎರಡೂ ಆ ಧರ್ಮಕ್ಕೆ ನ್ಯಾಯವಲ್ಲ.

೫

ಇನ್ನು ಕನ್ನಡದ ಮಾತು. ನಮ್ಮ ದರ್ಶನಗಳಲ್ಲಿ ಮೋಕ್ಷದ ಸ್ವರೂಪವು ಒಂದೇ ಅಲ್ಲ. ಅದ್ವೈತದಲ್ಲಿ ಅವಿದ್ಯೆಯ ನಿವೃತ್ತಿಯೇ ಅದು. ರಾಮಾನುಜ ಮಧ್ವರಲ್ಲಿ ಭಗವತ್ಪ್ರಸಾದವಿಲ್ಲದೆ ಅದು ಲಭ್ಯವಲ್ಲ. ಆದರೂ ಬಿಡಿಸುವವನು ನಷ್ಟವನ್ನು ಹೊತ್ತು ತನ್ನವನನ್ನು ಮರಳಿ ಪಡೆಯುವನೆಂಬ ಭಾವವು ಆ ಶಬ್ದದೊಳಗಿಲ್ಲ. ‘ವಿಮೋಚನೆ’ಯಲ್ಲಿಯೂ ಅದು ಕ್ಷೀಣ. ಆದರೆ ಅಡವಿಟ್ಟ ಒಡವೆಯನ್ನು ಸಾಲ ತೀರಿಸಿ ತಂದವನು ‘ಬಿಡಿಸಿಕೊಂಡೆ’ ಎನ್ನುತ್ತಾನೆ. ಹಕ್ಕಿಯನ್ನು ಬಲೆಯಿಂದ ಬಿಡಿಸಿದರೆ ಅದು ಹಾರಿಹೋಗುತ್ತದೆ. ಒಡವೆಯನ್ನು ಬಿಡಿಸಿಕೊಂಡರೆ ಅದು ಮನೆಗೆ ಬರುತ್ತದೆ. ‘ಕೊಳ್’ ಎಂಬ ಧಾತುವಿಗೆ ಸ್ವೀಕರಿಸುವುದು, ಕ್ರಯಕ್ಕೆ ಪಡೆಯುವುದು ಎಂಬ ಎರಡರ್ಥಗಳೂ ಇವೆ. ಇಂಗ್ಲಿಷ್ ಶಬ್ದಕ್ಕೆ ಮೂಲವಾದ ಲ್ಯಾಟಿನ್ ಧಾತುವಿನಲ್ಲಿಯೂ ಈ ಎರಡೇ ಅರ್ಥಗಳು ಕೂಡಿರುವುದು ಸೋಜಿಗ. ಕನ್ನಡ ಬೈಬಲಿನ ಭಾಷಾಂತರಕಾರರು ಮಾರ್ಕನ ವಾಕ್ಯದಲ್ಲಿ ‘ಬಿಡಿಸಿಕೊಳ್ಳು’ ಎಂಬ ಕ್ರಿಯೆಯನ್ನೂ, ಪ್ರತಿಯಾಗಿ ಕೊಡುವುದೆಂಬ ಅರ್ಥದ ‘ಈಡು’ ಎಂಬ ದೇಶ್ಯವನ್ನೂ ಆರಿಸಿಕೊಂಡುದು ಅವರ ಭಾಷಾಜ್ಞಾನಕ್ಕೆ ಸಾಕ್ಷಿ.

‘ವಿಮೋಚನೆ’ ಎಂಬುದನ್ನು ಕೈಬಿಡಬೇಕೆಂದು ನಾವು ಹೇಳುವುದಿಲ್ಲ. ಅದು ಭಕ್ತರ ನಾಲಗೆಯಲ್ಲಿ ನೆಲೆಗೊಂಡಿದೆ, ನಾಮಪದವಾಗಿ ಅನುಕೂಲವೂ ಆಗಿದೆ. ಆದರೆ ಅದನ್ನು ವಿವರಿಸುವಾಗ ಅಧ್ಯಾಪಕರು ಮೋಕ್ಷದ ಕಡೆಗೆ ತಿರುಗದೆ ‘ಬಿಡಿಸಿಕೊಳ್ಳುವುದು’ ಎಂಬ ಮನೆಮಾತಿನ ಕಡೆಗೆ ತಿರುಗುವುದು ಯುಕ್ತ. ಬಂಧು, ಬೆಲೆ, ಮನೆಗೆ ಮರಳುವುದು ಎಂಬ ಮೂರು ಸಂಗತಿಗಳೂ ಆ ಒಂದು ಮಾತಿನಲ್ಲಿ ವಿದ್ಯಾರ್ಥಿಗೆ ದೊರೆಯುವುವು.