ಮನೋರೋಗಕ್ಕೆ ಪಥ್ಯ: ಎಷ್ಟು ಸರಿ?

ಬಂಗಾರಪೇಟೆ, ಕೆಜಿಎಫ್ ಕಡೆ ಒಬ್ಬರಿಗೆ ಮನಸ್ಸಿನ ಕಾಯಿಲೆ ಬಂತೆಂದರೆ ಅನೇಕ ಮನೆಗಳಲ್ಲಿ ನಿಮ್ಹಾನ್ಸ್ ಚೀಟಿಯ ಜೊತೆಗೇ ಪಥ್ಯವೂ ಶುರುವಾಗುತ್ತದೆ. ಬದನೆಕಾಯಿ ಬೇಡ, ಆಲೂಗಡ್ಡೆ ವಾಯು, ಮೊಟ್ಟೆ ಉಷ್ಣ. ಉಪ್ಪು ಖಾರ ಬಿಟ್ಟು ಸಪ್ಪೆ ಉಣ್ಣು. ಹೇಳುವವರಿಗೆ ಕಾಯಿಲೆಯವರ ಮೇಲೆ ಪ್ರೀತಿಯಿದೆ. ಆದ್ದರಿಂದಲೇ ಈ ಪದ್ಧತಿಯನ್ನು ಮೂಢನಂಬಿಕೆಯೆಂದು ತಳ್ಳದೆ ತೂಗಿ ನೋಡಬೇಕು.

ದೊಡ್ಡ ಅಪಾಯ ಸಪ್ಪೆಯೂಟದಲ್ಲಿದೆ. ಬೈಪೋಲಾರ್ ಕಾಯಿಲೆಗೆ ಲಿಥಿಯಂ ಕೊಡುತ್ತಾರೆ. ಮೈಯಲ್ಲಿ ಉಪ್ಪು, ನೀರು ಕಡಿಮೆಯಾದರೆ ಮೂತ್ರಪಿಂಡಗಳು ಲಿಥಿಯಂ ಅನ್ನು ಹೊರಹಾಕದೆ ಹಿಡಿದಿಟ್ಟುಕೊಳ್ಳುತ್ತವೆ. ಏಪ್ರಿಲ್ ಬಿಸಿಲಿನ ಬೆವರು, ಉಪ್ಪಿಲ್ಲದ ಊಟ, ಮೇಲೊಂದು ಹರಕೆಯ ಉಪವಾಸ ಸೇರಿದರೆ ದಿನವೂ ನುಂಗುವ ಅದೇ ಮಾತ್ರೆ ವಿಷವಾಗಬಹುದು. ಕೈ ನಡುಗುತ್ತದೆ, ವಾಂತಿ ಭೇದಿಯಾಗುತ್ತದೆ, ಮಾತು ತೊದಲುತ್ತದೆ. ಕಾಯಿಲೆ ಮರುಕಳಿಸಿತೆಂದು ಮನೆಯವರು ಪಥ್ಯವನ್ನು ಇನ್ನೂ ಬಿಗಿ ಮಾಡಿದರೆ ಗತಿಯೇನು? ಸ್ಕಿಜೋಫ್ರೇನಿಯಾಕ್ಕೆ ಕೊಡುವ ಲುರಾಸಿಡೋನ್ ಮಾತ್ರೆಯ ಕಥೆ ಬೇರೆ. ಕನಿಷ್ಠ 350 ಕ್ಯಾಲರಿಯ ಊಟದೊಂದಿಗೆ ತೆಗೆದುಕೊಂಡರೆ ಮಾತ್ರ ಅದು ಸರಿಯಾಗಿ ಮೈಗೆ ಹತ್ತುತ್ತದೆ. ಮಾರಿಕುಪ್ಪಂನಿಂದ ಬೆಂಗಳೂರಿನ ರೈಲು ಹಿಡಿಯುವವರು ಬರೀ ಚಹಾ ಕುಡಿದು ನುಂಗಿದರೆ ಮದ್ದಿನ ದೊಡ್ಡ ಪಾಲು ವ್ಯರ್ಥ.

ಪಥ್ಯದಲ್ಲಿ ಉಳಿಸಿಕೊಳ್ಳಬೇಕಾದದ್ದೂ ಇದೆ: ಹೊತ್ತು ಹೊತ್ತಿಗೆ ಊಟ, ಉಂಡರೋ ಇಲ್ಲವೋ ಎಂದು ನೋಡುವವರೊಬ್ಬರು. ಹಸಿವೇ ಮನಸ್ಸನ್ನು ಕೆಡಿಸಬಲ್ಲದು. 1944-45ರಲ್ಲಿ ಅಮೆರಿಕದ ಮಿನೆಸೋಟದಲ್ಲಿ 36 ಆರೋಗ್ಯವಂತ ಯುವಕರಿಗೆ ಆರು ತಿಂಗಳು ಅರೆಹೊಟ್ಟೆ ಊಟ ಕೊಟ್ಟಾಗ ಅವರಲ್ಲಿ ಅನೇಕರು ಖಿನ್ನತೆ, ಸಿಡುಕಿಗೆ ಬಿದ್ದರು.

ಆಸ್ಪತ್ರೆಗಳ ಬಗ್ಗೆಯೂ ನನಗೆ ತಕರಾರಿದೆ. ಸ್ಕಿಜೋಫ್ರೇನಿಯಾದಂಥ ಕಾಯಿಲೆಗೆ ಕೊಡುವ ಒಲಾನ್ಜಪೈನ್, ಕ್ಲೋಜಪೈನ್ ಮಾತ್ರೆಗಳು ಹೊಟ್ಟೆಯನ್ನು ಸುಡುವಂಥ ಹಸಿವು ತರುತ್ತವೆ. ತೂಕ, ಸಕ್ಕರೆ ಏರುತ್ತವೆ. ಆ ಹಸಿವು ಮಾತ್ರೆಯದು ಎಂದು ತಾಯಿಗೆ ಯಾರಾದರೂ ಬಿಡಿಸಿ ಹೇಳಿದ್ದರೆ ಮಗನಿಗೆ ಹೊಟ್ಟೆಬಾಕನೆಂಬ ಬೈಗುಳ ತಪ್ಪುತ್ತಿತ್ತು. ಮೈ ದಪ್ಪವಾಯಿತೆಂಬ ನಾಚಿಕೆಗೇ ಮಾತ್ರೆ ನಿಲ್ಲಿಸಿ ಮತ್ತೆ ಕಾಯಿಲೆ ಬೀಳುವವರಿದ್ದಾರೆ. ಸಂಜೆಯ ಬೋಂಡಾ, ಸಿಹಿ ಚಹಾ, ರಾಶಿ ಅನ್ನದ ಬದಲು ಮಿತವಾದ ಮುದ್ದೆ, ಬೆರಕೆ ಸೊಪ್ಪಿನ ಸಾರು, ಹುರುಳಿ, ಅವರೆಕಾಳು, ಒಂದು ಮೊಟ್ಟೆ: ಕೋಲಾರ ಸೀಮೆಯ ಈ ಊಟ ಹಸಿವನ್ನು ಹೆಚ್ಚು ಹೊತ್ತು ತಡೆಯುತ್ತದೆ. ಮೊಟ್ಟೆ, ಹಾಲು ಬಿಡಿಸುವ ಪಥ್ಯದಿಂದ ಬಿ12 ಕೊರತೆಯಾಗಬಹುದು. ಆ ಕೊರತೆಯೂ ಮನಸ್ಸನ್ನು ಬಾಧಿಸುತ್ತದೆ.

ಊಟವೇ ಔಷಧವಾದೀತೇ? 2017ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಅಧ್ಯಯನದಲ್ಲಿ ಖಿನ್ನತೆಯ 67 ಮಂದಿಯಿದ್ದರು. 12 ವಾರ ಆಹಾರ ಸುಧಾರಿಸಿಕೊಂಡವರಲ್ಲಿ ಸುಮಾರು ಮೂರನೇ ಒಂದು ಭಾಗ ಚೇತರಿಸಿಕೊಂಡರು; ಬರೀ ಮಾತುಕತೆಯ ಒಡನಾಟ ಸಿಕ್ಕ ಗುಂಪಿನಲ್ಲಿ ಶೇ. 8. ಆದರೆ ಅದು ಖಿನ್ನತೆಯ ಮಾತು, ಸ್ಕಿಜೋಫ್ರೇನಿಯಾದ್ದಲ್ಲ. 2024ರ ಸ್ಟ್ಯಾನ್‌ಫರ್ಡ್ ಕೀಟೊ (ಪಿಷ್ಟ ತೀರಾ ಕಡಿಮೆ, ಕೊಬ್ಬು ಹೆಚ್ಚಿರುವ ಊಟ) ಪ್ರಯೋಗದಲ್ಲಿ ಸ್ಕಿಜೋಫ್ರೇನಿಯಾ, ಬೈಪೋಲಾರ್ ರೋಗಿಗಳಿದ್ದರೂ ಸಂಖ್ಯೆ 21 ಮಾತ್ರ, ಹೋಲಿಸಲು ಬೇರೆ ಗುಂಪಿರಲಿಲ್ಲ. ಆ ರೋಗಿಗಳು ಮಾತ್ರೆಯನ್ನೂ ಬಿಟ್ಟಿರಲಿಲ್ಲ. ಇಷ್ಟನ್ನು ನಂಬಿ ಮಾತ್ರೆ ಬಿಡಿಸುವುದು ಕ್ರೌರ್ಯ.

ತಾಲ್ಲೂಕು ಆಸ್ಪತ್ರೆಗಳ ಮಂಗಳವಾರದ ಮಾನಸಿಕ ಆರೋಗ್ಯ ಕ್ಲಿನಿಕ್ ‘ಮನೋಚೈತನ್ಯ’ದಲ್ಲಿ ಪ್ರತಿ ಸಲವೂ ತೂಕ ನೋಡಬೇಕು, ಆಗಾಗ ಸಕ್ಕರೆ ಪರೀಕ್ಷಿಸಬೇಕು, ಅಡುಗೆ ಮಾಡುವವರನ್ನು ಕೂರಿಸಿಕೊಂಡು ಮಾತಾಡಬೇಕು. ಲಿಥಿಯಂ ಚೀಟಿಯ ಮೇಲೆ ‘ಉಪ್ಪು ಬಿಡಬೇಡಿ, ನೀರು ಕುಡಿಯಿರಿ, ಉಪವಾಸಕ್ಕೆ ಮೊದಲು ಕೇಳಿ’ ಎಂದು ಕನ್ನಡ, ತೆಲುಗು, ತಮಿಳು, ಉರ್ದುವಿನಲ್ಲಿ ಬರೆದು ಕೊಡಬೇಕು.