ಎಷ್ಟು ಓಡಿದೆ ಅನ್ನುವುದು ಮೊದಲ ಪ್ರಶ್ನೆಯಲ್ಲ

ಹಳೇ ಕಾರಿನ ಮುಂದೆ ನಿಂತ ಕೂಡಲೇ ನಮ್ಮವರ ಬಾಯಿಂದ ಹೊರಡುವ ಮೊದಲ ಮಾತು "ಎಷ್ಟು ಓಡಿದೆ?" ಎರಡನೆಯದು "ಸಿಂಗಲ್ ಓನರ್ರಾ?" ಬೆಂಗಳೂರು, ಮೈಸೂರು, ಹುಬ್ಬಳ್ಳಿಗಳಲ್ಲಿ ಸ್ವಿಫ್ಟ್ ಅಥವಾ ಐ20 ಕೊಳ್ಳುವಾಗ ಈ ಎರಡು ಪ್ರಶ್ನೆಗಳಿಂದಲೇ ಅರ್ಧ ಕೆಲಸ ಮುಗಿಯುತ್ತದೆ. ಆದರೆ ಇಂಗ್ಲೆಂಡಿನ ಕವೆಂಟ್ರಿಯಲ್ಲಿ ಕೆಲಸದಲ್ಲಿರುವ ಹಾಸನದ ಕಡೆಯ ಓದುಗರೊಬ್ಬರು ಈಚೆಗೆ ಕೇಳಿದ ವಿಷಯಕ್ಕೆ ಇವು ಸಾಲುವುದಿಲ್ಲ, ದಾರಿಯನ್ನೂ ತಪ್ಪಿಸುತ್ತವೆ.

ಅವರು ನೋಡಿ ಬಂದಿರುವುದು ಎರಡು ಕಾರು. ಎರಡೂ ಮಜ್ದಾ ಎಂಎಕ್ಸ್-5. ಎರಡೇ ಸೀಟು, ಮಡಚುವ ಬಟ್ಟೆಯ ಟಾಪ್. ಒಂದು 1999ರ ಕೆಂಪು ಕಾರು, ಓಡಿರುವುದು ಬರೀ 38 ಸಾವಿರ ಮೈಲಿ, ಪೇಂಟ್ ಫಳಫಳ ಅನ್ನುತ್ತಿದೆ. ಬಹಳ ವರ್ಷ ಮನೆಯ ಮುಂದೆ ನಿಂತೇ ಇತ್ತಂತೆ. ಇನ್ನೊಂದು 1994ರ ಹಸಿರು ಕಾರು, 1 ಲಕ್ಷ 20 ಸಾವಿರ ಮೈಲಿ ದಾಟಿದೆ, ನಾಲ್ಕು ಕೈ ಬದಲಾಗಿದೆ, ಜೊತೆಗೆ ಬಿಲ್ಲುಗಳ ದಪ್ಪ ಫೈಲೊಂದಿದೆ. ಬೆಲೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. "ಕೆಂಪು ಕಾರೇ ಸರಿ ಅಲ್ವಾ ಸಾರ್?" ಅನ್ನುವುದು ಅವರ ಪ್ರಶ್ನೆ. ಎರಡರ ಅಡಿಯನ್ನೂ ನೋಡದೆ ಕೊನೆಯ ಮಾತು ಹೇಳಲಾರೆ. ಆದರೆ ಇವತ್ತೇ ಒಂದನ್ನು ಆರಿಸು ಅಂದರೆ ಹಸಿರು ಕಾರಿನ ಕಡೆಗೇ ಬೆರಳು ತೋರಿಸುತ್ತೇನೆ.

ಮಜ್ದಾ ಎಂದರೆ ನಮ್ಮ ಕಣ್ಣಮುಂದೆ ಬರುವುದು ಸ್ವರಾಜ್ ಮಜ್ದಾ, ಅದೇ ಶಾಲೆಯ ವ್ಯಾನು, ಸಣ್ಣ ಲಾರಿ. ಕಾರುಗಳನ್ನು ಆ ಕಂಪನಿ ನಮ್ಮಲ್ಲಿ ಮಾರಲೇ ಇಲ್ಲ. ಹಿರೋಶಿಮಾದ ಇದೇ ಮಜ್ದಾ 1989ರ ಫೆಬ್ರುವರಿಯಲ್ಲಿ ಶಿಕಾಗೊ ಪ್ರದರ್ಶನದಲ್ಲಿ ಎಂಎಕ್ಸ್-5 ತಂದು ನಿಲ್ಲಿಸಿತು. ಅಮೆರಿಕದಲ್ಲಿ ಅದಕ್ಕೆ ಮಿಯಾಟಾ ಎಂದು ಹೆಸರು. ಬೀಜ ಬಿದ್ದದ್ದು ಹತ್ತು ವರ್ಷ ಮೊದಲು. ಬಾಬ್ ಹಾಲ್ ಎಂಬ ಅಮೆರಿಕದ ಮೋಟಾರು ಪತ್ರಕರ್ತ 1979ರಲ್ಲಿ ಮಜ್ದಾದ ಕೆನಿಚಿ ಯಮಮೊಟೊ ಅವರನ್ನು ಕಂಡು, ಹಳೇ ಬ್ರಿಟಿಷ್ ರೋಡ್‌ಸ್ಟರ್‌ಗಳಂಥ ಹಗುರವಾದ, ಸರಳವಾದ, ಕೈಗೆಟುಕುವ ಬೆಲೆಯ ಕಾರು ಮಾಡಿ ಎಂದು ಕಪ್ಪುಹಲಗೆಯ ಮೇಲೆ ಗೀಚಿ ತೋರಿಸಿದರು. ಆಗ ಬ್ರಿಟನ್ನಿನಲ್ಲೇ ಅಂಥ ಕಾರುಗಳ ಕಾಲ ಮುಗಿಯುತ್ತ ಬಂದಿತ್ತು. ಎಂಜಿಬಿ ತಯಾರಾಗುತ್ತಿದ್ದ ಅಬಿಂಗ್ಡನ್ ಕಾರ್ಖಾನೆ 1980ರಲ್ಲಿ ಬಾಗಿಲು ಹಾಕಿತು. ಬ್ರಿಟಿಷರು ಕೈಬಿಟ್ಟ ಸುಖವನ್ನು, ಅವರ ಎಣ್ಣೆ ಸೋರಿಕೆಯನ್ನೂ ಕರೆಂಟಿನ ಕಾಟವನ್ನೂ ಬಿಟ್ಟು, ಜಪಾನಿನವರು ವಾಪಸ್ ತಂದರು. 2000ದಲ್ಲೇ ಇದು ಜಗತ್ತಿನಲ್ಲಿ ಅತಿಹೆಚ್ಚು ಮಾರಾಟವಾದ ಎರಡು ಸೀಟಿನ ಸ್ಪೋರ್ಟ್ಸ್ ಕಾರೆಂದು ಗಿನ್ನೆಸ್ ದಾಖಲೆ ಸೇರಿತು. ಹತ್ತು ಲಕ್ಷದ ಕಾರು ಹೊರಬಂದದ್ದು 2016ರ ಏಪ್ರಿಲ್‌ನಲ್ಲಿ.

ವೇಗಕ್ಕಾಗಿ ಕೊಳ್ಳುವ ಕಾರಲ್ಲ ಇದು. ಮೊದಲ ಮಾದರಿಯ 1.6 ಲೀಟರ್ ಎಂಜಿನ್ನಿನ ಶಕ್ತಿ ಸುಮಾರು 115 ಅಶ್ವಶಕ್ತಿ; ನಮ್ಮೂರಿನ ಸಾಧಾರಣ ಎಸ್‌ಯುವಿಗೂ ಇವತ್ತು ಅಷ್ಟಿರುತ್ತದೆ. ಆದರೆ ಇಡೀ ಕಾರಿನ ತೂಕ ಒಂದು ಟನ್ನಿಗಿಂತ ಕಡಿಮೆ. ಎಂಜಿನ್ ಮುಂದೆ, ಶಕ್ತಿ ಹಿಂದಿನ ಚಕ್ರಗಳಿಗೆ, ಚಾಲಕ ಕೂರುವುದು ನಡುವೆ, ನೆಲಕ್ಕೆ ಅಂಟಿದ ಹಾಗೆ. ಗೇರ್ ಲಿವರ್ ನೇರವಾಗಿ ಗೇರ್‌ಬಾಕ್ಸಿನ ನೆತ್ತಿಯ ಮೇಲೇ ಕೂತಿರುವುದರಿಂದ ಮಣಿಕಟ್ಟು ಒಂದಿಷ್ಟು ಅಲುಗಿದರೆ ಸಾಕು, ಟಕ್ಕೆಂದು ಬೀಳುತ್ತದೆ. ಗಂಟೆಗೆ ಅರುವತ್ತು ಕಿಲೋಮೀಟರಿನಲ್ಲಿ ಒಂದು ತಿರುವು ತೆಗೆದುಕೊಂಡರೂ ಮುಂದಿನ ಚಕ್ರಗಳು ರಸ್ತೆಯಲ್ಲಿ ಏನು ಮಾಡುತ್ತಿವೆ ಅನ್ನುವುದು ಅಂಗೈಗೆ ತಿಳಿಯುತ್ತದೆ. ನೂರು ಪಟ್ಟು ದುಬಾರಿ ಕಾರುಗಳಲ್ಲೂ ಈಗ ಸಿಗದ ಸಂಗತಿ ಇದು. ಇದನ್ನು ಬಯಸಿ ಕಾರು ಹುಡುಕುವವರ ಬಗ್ಗೆ ನನಗೆ ನಿಜವಾದ ಪ್ರೀತಿಯಿದೆ. ಆದ್ದರಿಂದಲೇ ಅವರು ತುಕ್ಕು ಹಿಡಿದ ಡಬ್ಬ ತಂದು ನೊಂದುಕೊಳ್ಳಬಾರದು ಅನ್ನಿಸುತ್ತದೆ.

ತುಕ್ಕಿನ ಮಾತು ಕರಾವಳಿಯವರಿಗೆ ಬಿಡಿಸಿ ಹೇಳಬೇಕಿಲ್ಲ. ಮಂಗಳೂರು, ಉಡುಪಿಯಲ್ಲಿ ಹಳೇ ಕಾರು ಕೊಳ್ಳುವವರು ಮೊದಲು ಬಗ್ಗಿ ಅಡಿ ನೋಡುತ್ತಾರೆ. ಇಂಗ್ಲೆಂಡಿನಲ್ಲಿ ಸಮುದ್ರ ದೂರವಿದ್ದರೂ ಉಪ್ಪು ಬಿಡುವುದಿಲ್ಲ. ಚಳಿಗಾಲದಲ್ಲಿ ರಸ್ತೆ ಹಿಮಗಟ್ಟದಿರಲಿ ಅಂತ ಉಪ್ಪು ಚೆಲ್ಲುತ್ತಾರೆ, ಅದು ನೀರಿನ ಜೊತೆ ಸೇರಿ ಕಾರಿನ ಅಡಿಯ ಸಂದುಗೊಂದುಗಳನ್ನು ಹೊಕ್ಕು ಕೂರುತ್ತದೆ. ಇದು ಎಲ್ಲ ಕಾರಿಗೂ ಉಂಟು. ಎಂಎಕ್ಸ್-5ಗೆ ಇದರ ಮೇಲೆ ತನ್ನದೇ ಒಂದು ತೊಂದರೆಯಿದೆ.

ಟಾಪ್ ಮೇಲೆ ಬಿದ್ದ ಮಳೆನೀರು ಸೀಟಿನ ಹಿಂದಿನ ಎರಡು ಮೂಲೆಗಳಿಂದ ಕೊಳವೆಯಲ್ಲಿ ಇಳಿದು, ಹಿಂದಿನ ಚಕ್ರದ ಮುಂಭಾಗದಲ್ಲಿ ನೆಲಕ್ಕೆ ಬೀಳಬೇಕು. ಮರದ ಕೆಳಗೆ ನಿಲ್ಲಿಸಿದ ಕಾರಿನಲ್ಲಿ ಆ ಕೊಳವೆಗೆ ಎಲೆ, ಮಣ್ಣು ಸೇರಿಕೊಳ್ಳುತ್ತದೆ. ತಾರಸಿಯ ಮಳೆನೀರಿನ ಪೈಪು ಕಟ್ಟಿಕೊಂಡರೆ ಗೋಡೆ ಹೇಗೆ ಒಳಗಿಂದೊಳಗೇ ಒದ್ದೆಯಾಗುತ್ತದೋ ಹಾಗೆ, ಇಲ್ಲಿ ನೀರು ಬಾಗಿಲ ಕೆಳಗಿನ ಉದ್ದನೆಯ ಟೊಳ್ಳು ಪಟ್ಟಿಯೊಳಗೆ ಇಳಿಯುತ್ತದೆ. ಅಲ್ಲಿನವರು ಅದನ್ನು ಸಿಲ್ ಅನ್ನುತ್ತಾರೆ. ಮೇಲೆ ಗಟ್ಟಿ ಛಾವಣಿಯಿಲ್ಲದ ಕಾರಿನ ಬೆನ್ನೆಲುಬೇ ಈ ಸಿಲ್. ಒಳಗಿನಿಂದ ಕೊಳೆಯುವುದರಿಂದ ಹೊರಗಿನ ಪೇಂಟು ಕೊನೆಯವರೆಗೂ ಚೆನ್ನಾಗಿಯೇ ಕಾಣುತ್ತದೆ.

ನೋಡುವ ಕ್ರಮ ಹೀಗೆ. ಬಾಗಿಲು ಮುಗಿದು ಹಿಂದಿನ ಚಕ್ರ ಶುರುವಾಗುವ ಒಂದು ಗೇಣು ಜಾಗವಿದೆಯಲ್ಲ, ಅಲ್ಲಿ ಮಂಡಿಯೂರಿ. ಪೇಂಟಿನಡಿ ಸಣ್ಣ ಗುಳ್ಳೆಗಳಿವೆಯೇ? ಹೆಬ್ಬೆರಳಿನಿಂದ ಗಟ್ಟಿಯಾಗಿ ಒತ್ತಿ. ಒಳ್ಳೆಯ ಲೋಹ ಜಗ್ಗುವುದಿಲ್ಲ, ಕೆಟ್ಟದ್ದು ಬಿಸ್ಕತ್ತಿನ ಹಾಗೆ ಕರಕರ ಅನ್ನುತ್ತದೆ. ತೆಳು ಬಟ್ಟೆಯಲ್ಲಿ ಸುತ್ತಿದ ಸಣ್ಣ ಅಯಸ್ಕಾಂತವನ್ನು ಸವರಿಕೊಂಡು ಹೋಗಿ. ಅಂಟದೆ ಜಾರಿದ ಕಡೆ ಒಳಗಿರುವುದು ಕಬ್ಬಿಣವಲ್ಲ, ಪುಟ್ಟಿ. ಆಮೇಲೆ ಅಂಗಾತ ಮಲಗಿ ಸಿಲ್‌ನ ಕೆಳ ಅಂಚನ್ನು ಟಾರ್ಚ್ ಬೆಳಕಿನಲ್ಲಿ ನೋಡಿ. ಎರಡು ತಗಡು ಸೇರಿಸಿ ಚುಕ್ಕೆ ಚುಕ್ಕೆ ವೆಲ್ಡ್ ಮಾಡಿದ ಅಂಚು ಉದ್ದಕ್ಕೂ ಒಂದೇ ಸಮ ಕಾಣಬೇಕು. ಹಿಂದಿನ ತುದಿಗೆ ಬರುವಷ್ಟರಲ್ಲಿ ಅದು ಕಪ್ಪು ಬಳಿತದೊಳಗೆ ಮುಳುಗಿ ನುಣ್ಣಗಾಗಿದ್ದರೆ ಯಾರೋ ಟಿಂಕರಿಂಗ್ ಮಾಡಿ ಮುಚ್ಚಿದ್ದಾರೆ. ಟಿಂಕರಿಂಗ್ ತಪ್ಪಲ್ಲ, ಈ ವಯಸ್ಸಿನ ಕಾರಿಗೆ ಬೇಕೇ ಬೇಕು. ಕೊಳೆತದ್ದನ್ನು ಕತ್ತರಿಸಿ ಹೊಸ ತಗಡು ಕೂರಿಸಿದ್ದಕ್ಕೆ ಬಿಲ್ಲು, ಫೋಟೊ ಇರಬೇಕು ಅಷ್ಟೆ.

1999ರ ಕೆಂಪು ಕಾರು ಎರಡನೇ ಮಾದರಿ, 1998ರಿಂದ 2005ರವರೆಗೆ ಬಂದದ್ದು. ಇದರಲ್ಲಿ ಸಿಲ್ ಜೊತೆಗೆ ಇನ್ನೊಂದು ಜಾಗವಿದೆ. ಮುಂದಿನ ಚಕ್ರಗಳ ನಡುವೆ ಉದ್ದಕ್ಕೆ ಹೋಗುವ ಎರಡು ಛಾಸಿ ರೈಲುಗಳು ಎರಡು ಪದರದ ತಗಡಿನವು. ಪದರಗಳ ಮಧ್ಯೆ ತೇವ ನಿಂತು ಕೊಳೆಯುತ್ತವೆ. ಕೆಳಗೆ ಪ್ಲಾಸ್ಟಿಕ್ ಹೊದಿಕೆ ಇರುವುದರಿಂದ ಬಿಚ್ಚದೆ ಪೂರ್ತಿ ಕಾಣುವುದಿಲ್ಲ. ರಿಪೇರಿ ಸಾಧ್ಯ, ಖರ್ಚು ಜೋರು. ಹೊಳೆಯುವ ಪೇಂಟಿನ ಬಗ್ಗೆ ನನಗೆ ಅನುಮಾನ ಬರುವುದು ಇದಕ್ಕೇ.

ಕಡಿಮೆ ಓಡಿದ ಕಾರು ಯಾಕೆ ಒಳ್ಳೆಯದಾಗಲೇಬೇಕೆಂದಿಲ್ಲ ಅನ್ನುವುದನ್ನೂ ಬಿಡಿಸಿ ಹೇಳಬೇಕು. ನಿಂತ ಕಾರಿನ ಕೊಳವೆ ಕಟ್ಟಿಕೊಂಡದ್ದು ಯಾರ ಗಮನಕ್ಕೂ ಬರುವುದಿಲ್ಲ. ಬ್ರೇಕ್ ಕ್ಯಾಲಿಪರ್‌ಗಳು ಕಚ್ಚಿಕೊಳ್ಳುತ್ತವೆ. ರಬ್ಬರಿನ ಸೀಲುಗಳು ಒಣಗಿ ಬಿರುಕು ಬಿಡುತ್ತವೆ. ಟೈರಿನ ಗ್ರಿಪ್ ಹೊಸದರ ಹಾಗೇ ಕಾಣುತ್ತದೆ, ಆದರೆ ಪಕ್ಕದ ಗೋಡೆಯ ಮೇಲಿನ ನಾಲ್ಕು ಅಂಕೆ ಓದಿ. 2311 ಎಂದಿದ್ದರೆ ಅದು 2011ರ 23ನೇ ವಾರದ ಟೈರು. ಗ್ರಿಪ್ ಎಷ್ಟೇ ಉಳಿದಿರಲಿ, ಬದಲಾಯಿಸಬೇಕಾದ್ದು. ವಾರಕ್ಕೊಮ್ಮೆ ಓಡಿದ, ವರ್ಷಕ್ಕೊಮ್ಮೆ ಎಣ್ಣೆ ಬದಲಾದ, ಕೆಟ್ಟದ್ದು ಕೆಟ್ಟಾಗಲೇ ರಿಪೇರಿಯಾದ ಕಾರಿನ ಮೀಟರ್ ದೊಡ್ಡ ಅಂಕಿ ತೋರಿಸುತ್ತದೆ ನಿಜ. ಆ ಅಂಕಿಯನ್ನು ನೋಡಿ ಹಿಂದೆ ಸರಿಯಬೇಕಾಗಿಲ್ಲ.

ಬ್ರಿಟನ್ನಿನಲ್ಲಿ ಕೊಳ್ಳುವವರಿಗೆ ನಮ್ಮಲ್ಲಿಲ್ಲದ ಒಂದು ಅನುಕೂಲವಿದೆ. ಮೂರು ವರ್ಷ ದಾಟಿದ ಕಾರು ಪ್ರತಿವರ್ಷ ಎಂಒಟಿ ಪರೀಕ್ಷೆ ಪಾಸಾಗಬೇಕು. ಹಳೇ ಫಲಿತಾಂಶಗಳನ್ನು ಸರ್ಕಾರಿ ವೆಬ್‌ಸೈಟಿನಲ್ಲಿ ನಂಬರ್ ಪ್ಲೇಟ್ ಹಾಕಿ ಪುಕ್ಕಟೆ ನೋಡಬಹುದು. ಪ್ರತಿ ಪರೀಕ್ಷೆಯ ಹೊತ್ತಿಗೆ ಎಷ್ಟು ಮೈಲಿ ಆಗಿತ್ತು ಅನ್ನುವುದೂ ಅದರಲ್ಲಿರುತ್ತದೆ, ಹಾಗಾಗಿ ಮೀಟರ್ ತಿರುಗಿಸಿದ್ದರೆ ಅಲ್ಲೇ ಸಿಕ್ಕಿಬೀಳುತ್ತದೆ. ನಾನು ಓದುವುದು ಮೈಲಿಗಿಂತ ಹೆಚ್ಚಾಗಿ ಪರೀಕ್ಷಕರು ಬರೆದ ಎಚ್ಚರಿಕೆಗಳನ್ನು. ಒಂದು ವರ್ಷ "ಎಡಗಡೆಯ ಸಿಲ್‌ನಲ್ಲಿ ತುಕ್ಕು" ಎಂದಿದ್ದು, ಮರುವರ್ಷ ಆ ಮಾತೇ ಮಾಯವಾಗಿದ್ದರೆ, ನಡುವೆ ವೆಲ್ಡಿಂಗ್ ಬಿಲ್ಲು ಇದೆಯೇ ಅಂತ ಕೇಳಬೇಕು. ಬಿಲ್ಲಿಲ್ಲದೆ ತುಕ್ಕು ಮಾಯವಾಗುವುದಿಲ್ಲ. ಪರೀಕ್ಷೆ ಪಾಸಾಗಿದೆ ಅನ್ನುವುದೊಂದನ್ನೇ ನೆಚ್ಚಬೇಡಿ. ಹೊದಿಕೆ ಬಿಚ್ಚಿ ನೋಡುವುದು ಪರೀಕ್ಷಕರ ಕೆಲಸವಲ್ಲ.

ಎಂಜಿನ್ನಿನ ಬಗ್ಗೆ ಹೆಚ್ಚು ಹೇಳುವುದಿಲ್ಲ, ಯಾಕೆಂದರೆ ಅದು ಗಟ್ಟಿ. ಟೈಮಿಂಗ್ ಬೆಲ್ಟ್ ಅರುವತ್ತು ಸಾವಿರ ಮೈಲಿಗೊಮ್ಮೆ ಬದಲಾಗಿರಬೇಕು. ತುಂಡಾದರೂ ಈ ಎರಡು ಕಾರುಗಳಲ್ಲಿ ಪಿಸ್ಟನ್ ಹೋಗಿ ವಾಲ್ವಿಗೆ ಬಡಿಯುವುದಿಲ್ಲ. ರಸ್ತೆಯಲ್ಲಿ ನಿಲ್ಲುತ್ತೀರಿ, ಎಂಜಿನ್ ಉಳಿಯುತ್ತದೆ. 1994ರ ಕಾರು ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಸ್ವಲ್ಪ ಹೊತ್ತು ಟಿಕ್ ಟಿಕ್ ಅಂದರೆ ಗಾಬರಿ ಬೇಡ. 1991ರ ನಡುವಿನವರೆಗಿನ 1.6 ಎಂಜಿನ್ ನೋಡುವವರು ಮಾತ್ರ ಬಾನೆಟ್ ತೆರೆದು, ಕ್ರ್ಯಾಂಕಿನ ಪುಲ್ಲಿ ಓಲಾಡುತ್ತಿದೆಯೇ ಅಂತ ಕಣ್ಣಿಟ್ಟು ನೋಡಬೇಕು. ಓಲಾಡಿದರೆ ಕೊಳ್ಳಬೇಡಿ. ಮೊದಲ ಮಾದರಿಯ ಟಾಪ್‌ಗೆ ಹಿಂಬದಿಯ ಕಿಟಕಿ ಪ್ಲಾಸ್ಟಿಕ್ಕಿನದು. ಜಿಪ್ ಬಿಚ್ಚಿ ಮಲಗಿಸದೆ ಮಡಚಿದರೆ ಸೀಳುತ್ತದೆ, ಬಿಸಿಲಿಗೆ ಹಳದಿಯಾಗುತ್ತದೆ. ಟಾಪ್ ಹೊಸದು ಹಾಕಿಸಬಹುದು, ಬೆಲೆಯಲ್ಲಿ ಅಷ್ಟು ಕಡಿಮೆ ಮಾಡಿಸಿ.

ಬಿಡಿಭಾಗ ಸಿಗುವುದೇ ಈ ಕಾರಿನ ದೊಡ್ಡ ಬಲ. ನಮ್ಮಲ್ಲೂ ಒಂದು ಎರಡು ಸೀಟಿನ ತೆರೆದ ಕಾರು ಹುಟ್ಟಿತ್ತು: ಬೆಂಗಳೂರಿನ ಸ್ಯಾನ್ ಸಂಸ್ಥೆ ಗೋವಾದಲ್ಲಿ ತಯಾರಿಸಿದ ಸ್ಟಾರ್ಮ್. ರೆನೋ ಎಂಜಿನ್, ಫೈಬರ್ ಮೈ. ಫೈಬರ್ ತುಕ್ಕು ಹಿಡಿಯುವುದಿಲ್ಲ, ಆದರೆ ಮಾರಾಟವಾದದ್ದು ತೀರಾ ಕಡಿಮೆ, ಹಾಗಾಗಿ ಒಂದು ಗಾಜು ಒಡೆದರೂ ಹುಡುಕಾಟ ಶುರು. ಸ್ಟಾರ್ಮ್ ಇಟ್ಟುಕೊಂಡವರ ಮೇಲೆ ನನಗೆ ಗೌರವವಿದೆ, ಅದು ಬೇರೆಯೇ ತಪಸ್ಸು. ಎಂಎಕ್ಸ್-5ರ ಒಂದು ಸಣ್ಣ ಕ್ಲಿಪ್ ಕೂಡ ಬ್ರಿಟನ್ನಿನಲ್ಲಿ ಅಂಚೆಯಲ್ಲಿ ಮನೆಗೆ ಬರುತ್ತದೆ. ಆದರೆ ಕಾರನ್ನು ಮುಂದೆ ಊರಿಗೆ ತರುವ ಆಸೆ ಬೇಡ. ಮೂರು ವರ್ಷ ದಾಟಿದ ಬಳಸಿದ ಕಾರನ್ನು ಆಮದು ಮಾಡಿಕೊಳ್ಳಲು ನಮ್ಮ ನಿಯಮ ಸಾಮಾನ್ಯವಾಗಿ ಬಿಡುವುದಿಲ್ಲ.

ಕವೆಂಟ್ರಿಯವರು ಇನ್ನೊಂದನ್ನು ಲೆಕ್ಕಕ್ಕೆ ಹಿಡಿಯಬೇಕು. ಪಕ್ಕದ ಬರ್ಮಿಂಗ್‌ಹ್ಯಾಮಿನ ನಡುಭಾಗಕ್ಕೆ 2021ರ ಜೂನ್‌ನಿಂದ ಹಳೇ ಕಾರುಗಳು ದಿನಕ್ಕೆ 8 ಪೌಂಡ್ ಕೊಟ್ಟು ಹೋಗಬೇಕು. ಲಂಡನ್ನಿನಲ್ಲಿ ಅದು ಹನ್ನೆರಡೂವರೆ ಪೌಂಡ್. ಈ ವಯಸ್ಸಿನ ಪೆಟ್ರೋಲ್ ಕಾರುಗಳು ಸಾಮಾನ್ಯವಾಗಿ ಅಲ್ಲಿನ ಹೊಗೆಯ ಮಿತಿ ದಾಟುತ್ತವೆ. ದಿನಾ ಆಫೀಸಿಗೆ ಅಂತ ಕೊಳ್ಳುವುದಾದರೆ ನಂಬರ್ ಹಾಕಿ ಮೊದಲೇ ನೋಡಿಕೊಳ್ಳಿ. ಮಕ್ಕಳಿರುವ ಮನೆಯಲ್ಲಿ ಇದು ಎರಡನೇ ಕಾರಾಗಿ ಮಾತ್ರ ಸರಿ. ವಾರಾಂತ್ಯದ ಬೆಳಗ್ಗೆ, ಚಳಿಯಿದ್ದರೂ ಹೀಟರ್ ಹಾಕಿಕೊಂಡು ಟಾಪ್ ಇಳಿಸಿ ವೇಲ್ಸ್ ಕಡೆಯ ಗುಡ್ಡದ ರಸ್ತೆಗೆ ಹೊರಡುವ ಮನಸ್ಸಿದ್ದರೆ ಕೊಳ್ಳಿ. ಆ ಮನಸ್ಸಿಲ್ಲದೆ ಗ್ಯಾರೇಜಿನಲ್ಲಿಟ್ಟರೆ ಅದು ಇನ್ನೊಂದು 38 ಸಾವಿರ ಮೈಲಿಯ ಕೆಂಪು ಕಾರಾಗುತ್ತದೆ.

ಬಿಸಿಲಿರುವ ದಿನ ನೋಡಲು ಹೋಗಬೇಡಿ. ಎರಡು ದಿನ ಮಳೆ ಹೊಡೆದ ಮೇಲೆ ಹೋಗಿ, ಸೀಟಿನ ಹಿಂದಿನ ಕಾರ್ಪೆಟ್ ಎತ್ತಿ ಕೈಯಾಡಿಸಿ, ಡಿಕ್ಕಿಯ ತಳದಲ್ಲಿ ನೀರು ನಿಂತಿದೆಯೇ ನೋಡಿ. ಬೇಸಿಗೆ ಹತ್ತಿರ ಬಂದಂತೆ ತೆರೆದ ಕಾರುಗಳ ಬೆಲೆ ಏರುತ್ತದೆ, ನವೆಂಬರಿನ ಹೊತ್ತಿಗೆ ಇಳಿಯುತ್ತದೆ, ಆತುರವಿಲ್ಲದಿದ್ದರೆ ಕಾಯಿರಿ. ಇಬ್ಬರು ಮಾಲೀಕರಿಗೂ ಫೋನ್ ಮಾಡಿ ಒಂದೇ ಮಾತು ಕೇಳಿ: ಹತ್ತಿರದ ಗ್ಯಾರೇಜಿನಲ್ಲಿ ರ‍್ಯಾಂಪ್ ಮೇಲೆ ಏರಿಸಿ ನೋಡಬಹುದೇ? ಬೇಡ ಅಂದವರ ಕಾರನ್ನು ಅಲ್ಲಿಗೇ ಬಿಡಿ. ಕೆಂಪು ಕಾರಿನ ಸಿಲ್, ಮುಂದಿನ ರೈಲು ಎರಡೂ ಗಟ್ಟಿಯಿದ್ದರೆ ಟೈರು, ಬೆಲ್ಟು, ಬ್ರೇಕಿನ ಖರ್ಚು ಕಳೆದು ಬೆಲೆ ಹೇಳಿ. ಹಸಿರು ಕಾರಿನ ಸಿಲ್ ಗಟ್ಟಿಯಿದ್ದು, ಫೈಲಿನಲ್ಲಿ ಆ ವೆಲ್ಡಿಂಗ್ ಬಿಲ್ಲು ಸಿಕ್ಕರೆ, ಹೆಚ್ಚು ಚೌಕಾಸಿ ಮಾಡದೆ ಅವತ್ತೇ ಅಡ್ವಾನ್ಸ್ ಕೊಟ್ಟು ಬನ್ನಿ.